ಓದುಗರ ಪ್ರಶ್ನೆ: ಹಳೆಯ ಗೇಮ್ ಕ್ಯಾಸೆಟ್‌ಗೆ ಮನೆಯಲ್ಲೇ ಬೋರ್ಡ್

ಕಳೆದ ಸಂಚಿಕೆಯಲ್ಲಿ ಹಳೆಯ ಟಿವಿ ಗೇಮ್‌ನ ದುರಸ್ತಿಯ ಬಗ್ಗೆ ಬರೆಯುವಾಗ, ಕ್ಯಾಸೆಟ್‌ನೊಳಗಿನ ಸರ್ಕ್ಯೂಟ್ ಬೋರ್ಡನ್ನು ಮನೆಯಲ್ಲೇ ಮಾಡಿಕೊಳ್ಳಬಹುದು ಎಂದು ಒಂದು ಸಾಲು ಸೇರಿಸಿದ್ದೆ. ಆ ಸಾಲನ್ನು ಹಿಡಿದು ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದ ಪತ್ರಗಳನ್ನು ನೋಡಿ, ಈ ಬಾರಿಯ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: 1990ರ ದಶಕದಲ್ಲಿ ಕೊಂಡ ನಮ್ಮ ಮನೆಯ ಟಿವಿ ಗೇಮ್ ಇನ್ನೂ ಚೆನ್ನಾಗಿದೆ. ಕ್ಯಾಸೆಟ್‌ಗಳು ಮಾತ್ರ ಒಂದೊಂದಾಗಿ ಕೆಟ್ಟುಹೋದವು. ಬಿಚ್ಚಿ ನೋಡಿದರೆ ಒಳಗೆ ಚಿಪ್ಪೇ ಕಾಣುವುದಿಲ್ಲ, ಕಪ್ಪು ಅಂಟಿನ ಒಂದು ಗುಳ್ಳೆ ಇದೆ. ಹೊಸ ಬೋರ್ಡ್ ಮಾಡಲು ಎಲ್ಲಿಂದ ಆರಂಭಿಸಬೇಕು? (ಓದುಗರು, ಕಾರವಾರ)

ಉತ್ತರ: ಮೊದಲು ಕ್ಯಾಸೆಟ್‌ನ ಅಂಚಿನಲ್ಲಿರುವ ಪಿನ್ನುಗಳನ್ನು ಎಣಿಸಿರಿ. ಒಂದು ಬದಿಗೆ 30ರಂತೆ ಒಟ್ಟು 60 ಪಿನ್ನುಗಳಿದ್ದರೆ, ನಿಮ್ಮ ಯಂತ್ರವು ನಿಂಟೆಂಡೊ ಸಂಸ್ಥೆಯು 1983ರ ಜುಲೈ 15ರಂದು ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್‌ನ ನಕಲು. ನಮ್ಮ ಪೇಟೆಗಳಲ್ಲಿ ಟಿವಿ ಗೇಮ್ ಎಂದು ಮಾರಾಟವಾದ ಬಹಳಷ್ಟು ಯಂತ್ರಗಳು ಇದೇ ಜಾತಿಯವು. ಇದರ ಅಮೆರಿಕನ್ ರೂಪವಾಗಿ 1985ರಲ್ಲಿ ಬಂದ ಎನ್‌ಇಎಸ್‌ಗೆ 72 ಪಿನ್ನುಗಳಿವೆ, ಜೊತೆಗೆ ಕ್ಯಾಸೆಟ್ ಅಸಲಿಯೇ ಎಂದು ಪರೀಕ್ಷಿಸುವ ಬೀಗದ ಚಿಪ್ಪೂ ಇದೆ. 60 ಪಿನ್ನಿನ ಯಂತ್ರಕ್ಕೆ ಆ ಬೀಗವಿಲ್ಲವಾದ್ದರಿಂದ ನಿಮ್ಮ ಕೆಲಸ ಅಷ್ಟು ಹಗುರವಾಯಿತು.

ಕಪ್ಪು ಗುಳ್ಳೆಯ ಕೆಳಗೆ ಇರುವುದು ಚಿಪ್ಪೇ. ಕವಚವಾಗಲಿ ಕಾಲುಗಳಾಗಲಿ ಇಲ್ಲದ ಬರಿಯ ಸಿಲಿಕಾನ್ ತುಣುಕನ್ನು ಬೋರ್ಡಿಗೆ ಅಂಟಿಸಿ, ಕೂದಲಿಗಿಂತ ತೆಳುವಾದ ತಂತಿಗಳಿಂದ ಜೋಡಿಸಿ, ಮೇಲೆ ಎಪಾಕ್ಸಿ ಸುರಿದಿರುತ್ತಾರೆ. ಅದನ್ನು ಕಿತ್ತು ಬೇರೆ ಹಾಕಲು ಬರುವುದಿಲ್ಲ. ಆದರೂ ಆ ಬೋರ್ಡನ್ನು ಎಸೆಯಬೇಡಿ. ಅದರ ಅಂಚು ಮುಂದೆ ಉಪಯೋಗಕ್ಕೆ ಬರುತ್ತದೆ, ಅದನ್ನು ಅಂಕೋಲೆಯ ಓದುಗರಿಗೆ ಕೊಟ್ಟ ಉತ್ತರದಲ್ಲಿ ಹೇಳಿದ್ದೇನೆ.

ಮೊದಲ ಬೋರ್ಡಿಗೆ ಎನ್‌ರೋಮ್ ಎಂಬ ಅತಿ ಸರಳ ಮಾದರಿಯನ್ನೇ ಆರಿಸಿಕೊಳ್ಳಿ. ಇದರಲ್ಲಿ ಇರುವುದು ಎರಡೇ ಸ್ಮೃತಿ ಚಿಪ್. ಆಟದ ಆದೇಶಗಳನ್ನು ಹಿಡಿದಿಡುವ 32 ಕಿಲೋಬೈಟ್‌ನ 27ಸಿ256 ಯಂತ್ರದ ಮುಖ್ಯ ಚಿಪ್ಪಾದ ಸಿಪಿಯು ಕಡೆಗೆ, ಚಿತ್ರಗಳನ್ನು ಹಿಡಿದಿಡುವ 8 ಕಿಲೋಬೈಟ್‌ನ 27ಸಿ64 ಚಿತ್ರ ಬಿಡಿಸುವ ಪಿಪಿಯು ಕಡೆಗೆ. ಸಿಪಿಯು ಸುಮಾರು 1.8 ಮೆಗಾಹರ್ಟ್ಸ್‌ನಲ್ಲಿ ಓಡುವುದರಿಂದ 150 ಅಥವಾ 200 ನ್ಯಾನೋಸೆಕೆಂಡಿನ ಹಳೆಯ ಚಿಪ್ಪುಗಳೂ ಸಾಲುತ್ತವೆ. ಆಟದ ಆದೇಶಗಳು 16 ಕಿಲೋಬೈಟ್ ಮಾತ್ರ ಇದ್ದರೆ ಅದನ್ನೇ ಎರಡು ಸಲ ಒಂದರ ಹಿಂದೆ ಒಂದು ಬರೆದು ಚಿಪ್ಪನ್ನು ತುಂಬಿಸಿರಿ. ವಿದ್ಯುತ್ತಿನಿಂದಲೇ ಅಳಿಸಬಲ್ಲ 28ಸಿ256 ಸಿಕ್ಕಿದರೆ ಅದನ್ನೂ ಬಳಸಬಹುದು, ಆದರೆ 27ಸಿ256ರ ಜಾಗದಲ್ಲಿ ಹಾಗೆಯೇ ಕೂರಿಸಬಾರದು. ಎ14 ಎಂಬ ವಿಳಾಸದ ಗೆರೆ ಒಂದರಲ್ಲಿ 27ನೇ ಕಾಲಿಗೆ ಬಂದರೆ ಇನ್ನೊಂದರಲ್ಲಿ 1ನೇ ಕಾಲಿಗೆ ಬರುತ್ತದೆ, ಮತ್ತು 28ಸಿ256ರ 27ನೇ ಕಾಲು ಬರೆಯುವ ಆಜ್ಞೆಯದಾದ್ದರಿಂದ ಅದನ್ನು 5 ವೋಲ್ಟಿಗೆ ಕಟ್ಟಿಹಾಕಬೇಕು.

ವಿಳಾಸದ ಮತ್ತು ದತ್ತಾಂಶದ ಗೆರೆಗಳನ್ನು ನಕ್ಷೆ ನೋಡಿ ಯಾರೂ ಎಳೆಯಬಲ್ಲರು. ತಪ್ಪುವುದು ಯಾವ ಚಿಪ್ಪಿಗೂ ಹೋಗದ, ಬೋರ್ಡಿನ ಮೇಲೆಯೇ ಪಿನ್ನಿನಿಂದ ಪಿನ್ನಿಗೆ ಹೋಗುವ ಮೂರು ಸಣ್ಣ ಜೋಡಣೆಗಳಲ್ಲಿ. 48ನೇ ಪಿನ್ನನ್ನು 49ಕ್ಕೆ ಸೇರಿಸದಿದ್ದರೆ ಯಂತ್ರದೊಳಗಿನ 2 ಕಿಲೋಬೈಟ್‌ನ ಚಿತ್ರಸ್ಮೃತಿ ಎಚ್ಚರಗೊಳ್ಳುವುದಿಲ್ಲ, ಹಿನ್ನೆಲೆಯೆಲ್ಲ ಕಲಸಿದಂತೆ ಕಾಣುತ್ತದೆ. 18ನೇ ಪಿನ್ನನ್ನು ಪಿಪಿಯುವಿನ ಎ10 ಗೆರೆಗೆ ಸೇರಿಸಬೇಕೋ ಎ11ಕ್ಕೆ ಸೇರಿಸಬೇಕೋ ಎಂಬುದು ಆಟವನ್ನು ಅವಲಂಬಿಸಿದೆ: ತೆರೆ ಅಡ್ಡಲಾಗಿ ಸರಿಯುವ ಆಟಗಳಿಗೆ ಸಾಮಾನ್ಯವಾಗಿ ಎ10, ಮೇಲೆ ಕೆಳಗೆ ಸರಿಯುವವುಗಳಿಗೆ ಎ11, ಎರಡಕ್ಕೂ ಜಾಗ ಬಿಟ್ಟು ಒಂದು ತೊಟ್ಟು ಬೆಸುಗೆಯಿಂದ ಆರಿಸಿಕೊಳ್ಳುವಂತೆ ಮಾಡುವುದು ಜಾಣತನ. ಮೂರನೆಯದು 45 ಮತ್ತು 46. ಫ್ಯಾಮಿಕಾಮ್‌ನಲ್ಲಿ ಧ್ವನಿಯು ಯಂತ್ರದಿಂದ 45ನೇ ಪಿನ್ನಿನ ಮೂಲಕ ಕ್ಯಾಸೆಟ್ಟಿಗೆ ಬಂದು, 46ರ ಮೂಲಕ ಮರಳಿ ಟಿವಿಯ ಕಡೆಗೆ ಹೋಗುತ್ತದೆ. ನನ್ನ ಮೊದಲ ಬೋರ್ಡಿನಲ್ಲಿ ಈ ಎರಡನ್ನೂ ಖಾಲಿ ಬಿಟ್ಟಿದ್ದೆ. ಚಿತ್ರ ಸ್ವಚ್ಛವಾಗಿ ಮೂಡಿತು, ಸದ್ದು ಮಾತ್ರ ಇಲ್ಲ. ಯಂತ್ರದ್ದೇ ದೋಷವೆಂದು ಅದನ್ನು ಬಿಚ್ಚಿ, ಧ್ವನಿಯ ದಾರಿಯಲ್ಲಿದ್ದ ಕೆಪಾಸಿಟರುಗಳನ್ನೆಲ್ಲ ಬದಲಿಸಿ, ಮೂರು ದಿನ ಕಳೆದ ಮೇಲೆ ಅರ್ಧ ಸೆಂಟಿಮೀಟರ್ ತಂತಿಯೊಂದರಿಂದ ಕೆಲಸ ಮುಗಿಯಿತು. ಕೊನೆಯದಾಗಿ, ಪ್ರತಿ ಚಿಪ್ಪಿನ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ, ಚಿಪ್ಪಿಗೆ ಆದಷ್ಟು ಹತ್ತಿರದಲ್ಲಿ, 104 ಎಂದು ಬರೆದಿರುವ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದೊಂದನ್ನು ಹಾಕಿರಿ.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ಲೇಸರ್ ಪ್ರಿಂಟ್ ತೆಗೆದು, ಇಸ್ತ್ರಿಪೆಟ್ಟಿಗೆಯಿಂದ ತಾಮ್ರದ ಹಲಗೆಗೆ ಇಳಿಸಿ ಬೋರ್ಡ್ ಮಾಡಿದ್ದೇನೆ. ಕ್ಯಾಸೆಟ್ಟನ್ನು ಸ್ವಲ್ಪ ಎಡಕ್ಕೆ ಒತ್ತಿ ಹಿಡಿದರೆ ಆಟ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಸರ್ಕ್ಯೂಟನ್ನು ಹತ್ತು ಸಲ ಪರಿಶೀಲಿಸಿದೆ, ತಪ್ಪು ಸಿಗಲಿಲ್ಲ. (ವಿದ್ಯಾರ್ಥಿ, ಶಿರಸಿ)

ಉತ್ತರ: ಸರ್ಕ್ಯೂಟ್ ಸರಿಯಾಗಿಯೇ ಇರಬೇಕು. ತಪ್ಪಿರುವುದು ಅಳತೆ ಎಂದು ನಿಮ್ಮ ವಿವರಣೆಯೇ ಹೇಳುತ್ತದೆ. ಫ್ಯಾಮಿಕಾಮ್ ಕ್ಯಾಸೆಟ್‌ನಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಿನದರ ನಡುವಿಗೆ 2.54 ಮಿಲಿಮೀಟರ್. ಮೊದಲ ಪಿನ್ನಿನಿಂದ ಮೂವತ್ತನೆಯದಕ್ಕೆ 29 ಅಂತರಗಳು, ಅಂದರೆ 73.66 ಮಿಲಿಮೀಟರ್. ನಿಮ್ಮ ಪ್ರಿಂಟರ್ ನೂರಕ್ಕೆ ಒಂದರಷ್ಟು ಕುಗ್ಗಿಸಿ ಮುದ್ರಿಸಿದ್ದರೆ ಒಂದೊಂದು ಪಿನ್ನನ್ನು ನೋಡಿದಾಗ ಏನೂ ಗೊತ್ತಾಗದು, ಆದರೆ ಒಂದು ತುದಿಯನ್ನು ಸರಿಹೊಂದಿಸಿದಾಗ ಇನ್ನೊಂದು ತುದಿ ಮುಕ್ಕಾಲು ಮಿಲಿಮೀಟರಿನಷ್ಟು ಜಾರಿರುತ್ತದೆ, ಯಂತ್ರದ ಸ್ಪ್ರಿಂಗು ಪಿನ್ನಿನ ಅಂಚನ್ನು ಬಿಟ್ಟು ಸಂದಿಯ ಮೇಲೆ ಕೂರುತ್ತದೆ. ಎಡಕ್ಕೆ ಒತ್ತಿದಾಗ ಆಟ ಬರುವುದು ಇದೇ ಕಾರಣದಿಂದ. ಮುದ್ರಿಸುವಾಗ ಪುಟಕ್ಕೆ ಹೊಂದಿಸು ಎಂಬ ಆಯ್ಕೆಯನ್ನು ತೆಗೆದು ನೂರು ಪ್ರತಿಶತ ಅಳತೆಯಲ್ಲಿ ಮುದ್ರಿಸಿರಿ, ತಾಮ್ರಕ್ಕೆ ಇಳಿಸುವ ಮೊದಲು ಕಾಗದದ ಮೇಲೆಯೇ ವರ್ನಿಯರ್ ಕ್ಯಾಲಿಪರ್ ಇಟ್ಟು ಆ 73.66ನ್ನು ಅಳೆಯಿರಿ. ಎನ್‌ಇಎಸ್ ಬೋರ್ಡ್ ಮಾಡುವವರು ಇನ್ನೊಂದು ಎಚ್ಚರ ವಹಿಸಬೇಕು. ಅದರ ಅಂತರ 2.54 ಅಲ್ಲ, 2.50 ಮಿಲಿಮೀಟರ್; ಬದಿಗೆ 36 ಪಿನ್ನುಗಳಿರುವುದರಿಂದ ಈ ವ್ಯತ್ಯಾಸ ಕೊನೆಯ ಪಿನ್ನಿನ ಹೊತ್ತಿಗೆ 1.4 ಮಿಲಿಮೀಟರಿಗೆ ಬೆಳೆದಿರುತ್ತದೆ.

ಎರಡು ಬದಿಗಳನ್ನು ಹೊಂದಿಸಲು ನನಗೆ ಒಗ್ಗಿದ ವಿಧಾನ ಲಕೋಟೆಯದು. ಎರಡು ಮುದ್ರಿತ ಕಾಗದಗಳನ್ನು ಮಸಿಯ ಬದಿ ಒಳಗಾಗುವಂತೆ ಎದುರುಬದುರು ಇಟ್ಟು, ಬೆಳಕಿಗೆ ಹಿಡಿದು ಮೂಲೆಯ ರಂಧ್ರಗಳ ಗುರುತುಗಳನ್ನು ಒಂದರ ಮೇಲೊಂದು ತಂದು, ಮೂರು ಬದಿ ಅಂಟಿಸಿ, ಹಲಗೆಯನ್ನು ಆ ಲಕೋಟೆಯೊಳಗೆ ಜಾರಿಸಿ ಎರಡೂ ಕಡೆ ಇಸ್ತ್ರಿ ಹಾಕಬೇಕು. ಮನೆಯ ಬೋರ್ಡಿನ ರಂಧ್ರಗಳ ಒಳಗೋಡೆಗೆ ತಾಮ್ರದ ಲೇಪವಿರುವುದಿಲ್ಲವಾದ್ದರಿಂದ ಎರಡು ಬದಿಗಳನ್ನು ಕೂಡಿಸುವಲ್ಲೆಲ್ಲ ತಂತಿ ತೂರಿಸಿ ಎರಡೂ ಕಡೆ ಬೆಸೆಯಬೇಕು. ಚಿಪ್ ಕೂರಿಸುವ ಸಾಕೆಟ್ಟಿನ ಅಡಿಯಲ್ಲಿ ಮೇಲ್ಬದಿಯ ಬೆಸುಗೆಗೆ ಬೆಸೆಯುವ ಕಬ್ಬಿಣದ ತುದಿ ತಲುಪದು ಎಂಬುದನ್ನು ನಕ್ಷೆ ಬರೆಯುವಾಗಲೇ ನೆನಪಿಡಿ.

ಹಲಗೆಯ ಆಯ್ಕೆಯೂ ಮುಖ್ಯ. ಕಂದು ಬಣ್ಣದ ಹೈಲಂ ಹಲಗೆ ಅಗ್ಗವಾದರೂ ನಾಲ್ಕು ಸಲ ಹಾಕಿ ತೆಗೆಯುವಷ್ಟರಲ್ಲಿ ಅದರ ಅಂಚು ಪುಡಿಯಾಗುತ್ತದೆ, ಗಾಜಿನ ನಾರಿನ ಎಫ್‌ಆರ್4 ಹಲಗೆಯನ್ನೇ ಕೊಳ್ಳಿ. ಅಂಗಡಿಯಲ್ಲಿ ಕೇಳಿದರೆ 1.6 ಮಿಲಿಮೀಟರ್ ದಪ್ಪದ್ದನ್ನು ಕೊಡುತ್ತಾರೆ, ಫ್ಯಾಮಿಕಾಮ್‌ಗೆ ಬೇಕಾದದ್ದು 1.2. ದಪ್ಪ ಹಲಗೆಯನ್ನು ಬಲವಂತವಾಗಿ ತುರುಕಿದರೆ ಒಳಗಿನ ಸ್ಪ್ರಿಂಗುಗಳು ಅಗಲವಾಗಿ, ಆಮೇಲೆ ನಿಮ್ಮ ಹಳೆಯ ಕ್ಯಾಸೆಟ್ಟುಗಳೂ ಸಡಿಲವಾಗಿ ಕೂರುತ್ತವೆ. ಅಂಚನ್ನು ಅರದಿಂದ ಓರೆಯಾಗಿ ತೀಡುವಾಗ ಅರವನ್ನು ಯಾವಾಗಲೂ ತಾಮ್ರದ ಕಡೆಯಿಂದ ಹೊರಕ್ಕೆ, ಅಂಚಿನತ್ತಲೇ ಎಳೆಯಿರಿ; ತಿರುಗಿ ಎಳೆದರೆ ಪಿನ್ನುಗಳು ಬುಡದಿಂದ ಏಳುತ್ತವೆ. 1ನೇ ಪಿನ್ನು ಗ್ರೌಂಡ್, ಅದರ ನೇರ ಬೆನ್ನಿಗಿರುವ 31ನೆಯದು 5 ವೋಲ್ಟ್. ತೀಡಿದಾಗ ಉಳಿದ ತಾಮ್ರದ ಒಂದು ಎಳೆ ಇವೆರಡನ್ನು ಕೂಡಿಸಬಲ್ಲದು, ಆದ್ದರಿಂದ ಯಂತ್ರಕ್ಕೆ ಹಾಕುವ ಮೊದಲು ಮಲ್ಟಿಮೀಟರ್ ಇಟ್ಟು ಬೀಪ್ ಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಬೇಸಿಗೆಯಲ್ಲಿ ಮಾಡಿದ ಬೋರ್ಡ್ ಒಂದೇ ಮಳೆಗಾಲದಲ್ಲಿ ಕಪ್ಪಾಗಿ, ಅಲ್ಲಲ್ಲಿ ಹಸಿರಾಗಿದೆ. ನಮ್ಮ ಮನೆ ಸಮುದ್ರಕ್ಕೆ ಹತ್ತಿರ. ಪಿನ್ನುಗಳ ಮೇಲೆ ಬೆಸುಗೆಯ ಸೀಸವನ್ನು ಸವರಿದರೆ ತಡೆಯುತ್ತದೆಯೇ? (ಓದುಗರು, ಅಂಕೋಲಾ)

ಉತ್ತರ: ಸವರಬೇಡಿ. ಆ ಹಸಿರು, ತಾಮ್ರದ ಹಂಡೆಗೆ ಹಿಡಿಯುವಂಥದ್ದೇ ಕಿಲುಬು. ಕಡಲ ಗಾಳಿಯಲ್ಲಿರುವ ಉಪ್ಪು ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ, ಉಪ್ಪಿನ ಕ್ಲೋರೈಡ್ ತಾಮ್ರವನ್ನು ತಿನ್ನುತ್ತದೆ, ಹೀಗಾಗಿ ಘಟ್ಟದ ಮೇಲೆ ಬಹಳ ಕಾಲ ಬಾಳುವ ಬರಿಯ ತಾಮ್ರ ನಿಮ್ಮಲ್ಲಿ ಬೇಗ ಸೋಲುತ್ತದೆ. ಬೆಸುಗೆ ಸವರಿದರೆ ತಾಮ್ರವೇನೋ ಮುಚ್ಚಿಕೊಳ್ಳುತ್ತದೆ, ಆದರೆ ಮೇಲ್ಮೈ ಉಬ್ಬುತಗ್ಗಾಗಿ ಸ್ಪ್ರಿಂಗುಗಳನ್ನು ಸವೆಸುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಬೆಸುಗೆಯಲ್ಲಿರುವ ತವರ ಬಹಳ ಮೃದು. ಕ್ಯಾಸೆಟ್ ಕೂದಲೆಳೆಯಷ್ಟು ಅಲುಗಿದಾಗಲೆಲ್ಲ ಉಜ್ಜಿಹೋಗಿ, ಉದುರಿದ ಪುಡಿ ಆಕ್ಸೈಡ್ ಆಗಿ, ಸಂಪರ್ಕವಾಗಬೇಕಾದ ಜಾಗದಲ್ಲಿಯೇ ವಿದ್ಯುತ್ತಿಗೆ ತಡೆಯಾಗಿ ಕೂರುತ್ತದೆ.

ಕಾರ್ಖಾನೆಗಳು ಈ ಅಂಚಿಗೆ ನಿಕ್ಕಲ್ ಮೇಲೆ ಚಿನ್ನ ಲೇಪಿಸುವುದು ಇದೇ ಕಾರಣಕ್ಕೆ. ಅದರಲ್ಲೂ ಎರಡು ಬಗೆಯಿದೆ. ಬೋರ್ಡ್ ಮಾಡಿಕೊಡುವವರು ಸಾಮಾನ್ಯವಾಗಿ ಕೊಡುವ ಎನಿಗ್ ಲೇಪದಲ್ಲಿ ಚಿನ್ನ 0.05ರಿಂದ 0.1 ಮೈಕ್ರಾನಿನಷ್ಟು ಮಾತ್ರ ಇರುತ್ತದೆ. ಗಟ್ಟಿ ಚಿನ್ನ ಎಂದು ಕೇಳಿ ಮಾಡಿಸಿದರೆ ಅದು ಸುಮಾರು 0.8 ಮೈಕ್ರಾನ್ ಆಗಿ, ನೂರಾರು ಸಲ ಹಾಕಿ ತೆಗೆದರೂ ತಾಳುತ್ತದೆ. ಮನೆಯಲ್ಲಿ ಮಾಡಿಕೊಳ್ಳಲು ಆಗದ ಭಾಗ ಇದೊಂದೇ, ಮತ್ತು ಕ್ಯಾಸೆಟ್ಟಿನ ಆಯುಷ್ಯ ನಿಂತಿರುವುದೂ ಇದರ ಮೇಲೆಯೇ. ಆದ್ದರಿಂದ ಕರಾವಳಿಯ ಓದುಗರಿಗೆ ನನ್ನ ಸಲಹೆ ಸ್ಪಷ್ಟವಾಗಿದೆ: ಅಂಚನ್ನು ಸತ್ತ ಕ್ಯಾಸೆಟ್ಟಿನಿಂದ ಪಡೆಯಿರಿ. ಕಪ್ಪು ಗುಳ್ಳೆಯ ಬೋರ್ಡಿನಲ್ಲಿ ಗುಳ್ಳೆಗೆ ಹೋಗುವ ಗೆರೆಗಳನ್ನೆಲ್ಲ ಬ್ಲೇಡಿನಿಂದ ಕತ್ತರಿಸಿ, ಪಿನ್ನುಗಳ ಬುಡದಿಂದ ಅರ್ಧ ಸೆಂಟಿಮೀಟರ್ ಮೇಲೆ ಹಸಿರು ಬಣ್ಣವನ್ನು ಕೆರೆದು ತಾಮ್ರ ತೆರೆದು, ತೆಳು ತಂತಿಗಳನ್ನು ಬೆಸೆದು, ನೀವು ಮಾಡಿದ ಚಿಪ್ಪಿನ ಬೋರ್ಡಿಗೆ ಒಯ್ಯಿರಿ. ಐವತ್ತರ ಸುಮಾರಿಗೆ ತಂತಿಗಳಾಗುತ್ತವೆ, ಒಂದು ಭಾನುವಾರ ಪೂರ್ತಿ ಹಿಡಿಯುತ್ತದೆ, ಆದರೆ ಅಳತೆಯ ತೊಂದರೆ, ದಪ್ಪದ ತೊಂದರೆ, ಕಿಲುಬಿನ ತೊಂದರೆ ಮೂರೂ ಒಟ್ಟಿಗೆ ನೀಗುತ್ತವೆ.

ಈಗಾಗಲೇ ಕಪ್ಪಾಗಿರುವ ಬೋರ್ಡನ್ನು ಬಿಳಿ ರಬ್ಬರಿನಿಂದ ಮೃದುವಾಗಿ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿರಿ. ಪಿನ್ನುಗಳಿಗೆ ಟೇಪು ಸುತ್ತಿ ಉಳಿದ ಭಾಗಕ್ಕೆಲ್ಲ ಅಕ್ರಿಲಿಕ್ ಲ್ಯಾಕರ್ ಸಿಂಪಡಿಸಿರಿ. ಬಾಯಿಂದ ಊದುವ ಹಳೆಯ ಅಭ್ಯಾಸ ಬೇಡ, ಉಸಿರಿನ ತೇವ ಕಿಲುಬಿಗೆ ಇನ್ನಷ್ಟು ಒದಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಸೆಟ್ಟುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿ ಇಡುವವರಿದ್ದಾರೆ. ಬೆಚ್ಚಗಿರುವುದು ನಿಜ, ಆದರೆ ಹೊಗೆಯ ಜಿಡ್ಡು ಪಿನ್ನುಗಳಿಗೆ ಹತ್ತುತ್ತದೆ.

ಪ್ರಶ್ನೆ: ಹಲಗೆಯ ಮೇಲಿನ ಬೇಡದ ತಾಮ್ರವನ್ನು ಕರಗಿಸುವ ಫೆರಿಕ್ ಕ್ಲೋರೈಡ್ ಬಳಸಿ ಮುಗಿದ ಮೇಲೆ ಅದನ್ನು ಏನು ಮಾಡಬೇಕು? ನಮ್ಮ ಮನೆಯ ಚರಂಡಿ ಹೊಳೆಗೇ ಹೋಗಿ ಸೇರುತ್ತದೆ. (ಓದುಗರು, ಕುಮಟಾ ತಾಲ್ಲೂಕು)

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞತೆ ಹೇಳಬೇಕು. ಬಳಸಿದ ದ್ರಾವಣದಲ್ಲಿ ನೀವು ಹಲಗೆಯಿಂದ ಕರಗಿಸಿದ ತಾಮ್ರವೆಲ್ಲ ಇರುತ್ತದೆ, ಮತ್ತು ಕರಗಿದ ತಾಮ್ರವು ಸ್ವಲ್ಪವೇ ಆದರೂ ನೀರಿನ ಚಿಪ್ಪು ಜೀವಿಗಳಿಗೆ ವಿಷ. ಅಘನಾಶಿನಿಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪು ಜೀವಿಯನ್ನು ಆಯ್ದು ಬದುಕುವ ಮನೆಗಳಿವೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಚರಂಡಿಗೆ ಒಂದು ಲೋಟವೂ ಹೋಗಬಾರದು.

ಪರಿಹಾರವನ್ನು ನಮ್ಮ ಅಡಿಕೆ ತೋಟದವರು ಬಲ್ಲರು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತದ ತಾಮ್ರವನ್ನು ಸುಣ್ಣವು ಕರಗದ ರೂಪಕ್ಕೆ ತರುತ್ತದೆ. ಇಲ್ಲಿ ಮಾಡಬೇಕಾದದ್ದೂ ಅದನ್ನೇ. ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ದ್ರಾವಣಕ್ಕೆ ನೀರು ಬೆರೆಸಿ, ವಾಷಿಂಗ್ ಸೋಡಾವನ್ನು ಚಮಚ ಚಮಚವಾಗಿ, ನೊರೆ ಏಳುವುದು ಪೂರ್ತಿ ನಿಲ್ಲುವವರೆಗೆ ಹಾಕಿರಿ. ಲೋಹದ ಪಾತ್ರೆ ಬೇಡ, ಅದನ್ನೇ ತಿಂದುಬಿಡುತ್ತದೆ. ಕೆಸರು ತಳಕ್ಕಿಳಿದ ಮೇಲೆ ತಿಳಿಯಲ್ಲಿ ತಾಮ್ರ ಉಳಿದಿದೆಯೇ ಎಂದು ನೋಡಲು, ದ್ರಾವಣ ಹದವಾಗಿದೆಯೇ ಎಂದು ತೋಟದಲ್ಲಿ ಕತ್ತಿಯ ಅಲಗನ್ನು ಅದ್ದಿ ನೋಡುವಂತೆ, ಚೆನ್ನಾಗಿ ಉಜ್ಜಿದ ಕಬ್ಬಿಣದ ಮೊಳೆಯೊಂದನ್ನು ಕೆಲವು ನಿಮಿಷ ಅದ್ದಿ ತೆಗೆಯಿರಿ. ಮೊಳೆಯ ಮೇಲೆ ಕೆಂಪು ಹೊದಿಕೆ ಬಂದರೆ ತಾಮ್ರ ಇನ್ನೂ ಕರಗಿಯೇ ಇದೆ, ಸೋಡಾ ಸಾಲದು ಎಂದರ್ಥ. ಕೆಸರನ್ನು ಒಣಗಿಸಿ ಸಿಮೆಂಟಿನಲ್ಲಿ ಕಲಸಿ ಗಟ್ಟಿ ಉಂಡೆ ಮಾಡಿಡಿ, ತೋಟಕ್ಕೆ ಹಾಕಬೇಡಿ. ಅಂದಹಾಗೆ, ಒಂದೇ ದ್ರಾವಣದಲ್ಲಿ ಹಲವು ಬೋರ್ಡುಗಳನ್ನು ತೆಗೆಯಬಹುದು, ಪ್ರತಿ ಸಲ ಹೊಸದು ಕಲಸುವ ಅಗತ್ಯವಿಲ್ಲ.

ಪ್ರಶ್ನೆ: ನನ್ನ ಬಳಿಯಿರುವ ಕ್ಯಾಸೆಟ್ಟಿನ ಆಟವನ್ನು ಹೊಸ ಚಿಪ್ಪಿಗೆ ನಕಲು ಮಾಡುವುದು ಕಾನೂನಿಗೆ ವಿರುದ್ಧವೇ? (ಓದುಗರು, ಭಟ್ಕಳ)

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರು ಅದು ನಾಶವಾದರೆ ಇರಲೆಂದು ಆ ಪ್ರತಿಯಿಂದಲೇ ಕಾಪು ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಮಾರುವುದಕ್ಕೂ ಹಂಚುವುದಕ್ಕೂ ಆ ಅವಕಾಶ ಹಿಗ್ಗುವುದಿಲ್ಲ, ಮತ್ತು ನಕಲಿ ಕ್ಯಾಸೆಟ್ ಇಟ್ಟುಕೊಂಡವರನ್ನು ನ್ಯಾಯವಾಗಿ ಹೊಂದಿರುವವರು ಎನ್ನಲಾಗದು. ನೀವೇ ಬರೆದ ಆಟಕ್ಕೆ ಯಾವ ಅಡ್ಡಿಯೂ ಇಲ್ಲ.

ಪ್ರಶ್ನೆ: ಬಡಗುತಿಟ್ಟಿನ ಯಕ್ಷಗಾನದ ವೇಷಗಳಿರುವ, ಮಾತುಗಳೆಲ್ಲ ಕನ್ನಡದಲ್ಲಿ ಮೂಡುವ ಆಟವೊಂದನ್ನು ಫ್ಯಾಮಿಕಾಮ್‌ಗೆ ನಾವಿಬ್ಬರು ಗೆಳೆಯರು ಬರೆಯುತ್ತಿದ್ದೇವೆ. ಎನ್‌ರೋಮ್ ಬೋರ್ಡಿನಲ್ಲಿ ಹಿಡಿಸುತ್ತದೆಯೇ? (ಓದುಗರು, ಹೊನ್ನಾವರ)

ಉತ್ತರ: ಈ ಪತ್ರವನ್ನು ಎರಡು ಸಲ ಓದಿದೆ, ಅಷ್ಟು ಸಂತೋಷವಾಯಿತು. ಆದರೆ ಎನ್‌ರೋಮ್‌ನಲ್ಲಿ ಹಿಡಿಸುವುದಿಲ್ಲ, ಹಿಡಿಸದಿರುವುದು ಕನ್ನಡದ ಕಾರಣಕ್ಕೆ. ಪಿಪಿಯು ಚಿತ್ರವನ್ನೆಲ್ಲ 8ಕ್ಕೆ 8 ಚುಕ್ಕಿಗಳ ಚೌಕಗಳಿಂದ ಕಟ್ಟುತ್ತದೆ. ಒಂದು ಚೌಕಕ್ಕೆ 16 ಬೈಟ್, 8 ಕಿಲೋಬೈಟ್‌ನಲ್ಲಿ 512 ಚೌಕಗಳು; ಅದರಲ್ಲಿ ಅರ್ಧವನ್ನು ವೇಷಗಳಿಗೆ ಕೊಟ್ಟರೆ ಹಿನ್ನೆಲೆಗೂ ಅಕ್ಷರಕ್ಕೂ ಸೇರಿ ಉಳಿಯುವುದು 256. ಇಂಗ್ಲಿಷಿನ ಅಕ್ಷರ ಒಂದೇ ಚೌಕದಲ್ಲಿ ಕೂರುತ್ತದೆ. ಒತ್ತಕ್ಷರವೂ ಗುಣಿತವೂ ಓದಲು ಬರುವಂತೆ ಕನ್ನಡದ ಒಂದು ಅಕ್ಷರವನ್ನು ಬಿಡಿಸಲು ಕನಿಷ್ಠ ನಾಲ್ಕು ಚೌಕಗಳು ಬೇಕು, ಅಂದರೆ ಹಿನ್ನೆಲೆಯ ಚಿತ್ರವೇ ಇಲ್ಲದಿದ್ದರೂ ಅರವತ್ತನಾಲ್ಕು ರೂಪಗಳಿಗೆ ಜಾಗ ಮುಗಿಯುತ್ತದೆ.

ನಿಮಗೆ ಬೇಕಾದದ್ದು ಯುಎನ್‌ರೋಮ್ ಬೋರ್ಡ್. ಇದರಲ್ಲಿ ಓದಲು ಮಾತ್ರ ಬರುವ ಚಿತ್ರದ ರೋಮ್ ಬದಲು, ಆಟದ ನಡುವೆಯೂ ಬರೆಯಬಹುದಾದ 6264 ಎಂಬ 8 ಕಿಲೋಬೈಟ್‌ನ ರ್ಯಾಮ್ ಇರುತ್ತದೆ, ಆಯಾ ಪ್ರಸಂಗಕ್ಕೆ ಬೇಕಾದ ಅಕ್ಷರಗಳನ್ನೂ ವೇಷಗಳನ್ನೂ ಅಲ್ಲಲ್ಲಿಗೇ ತುಂಬಿಸಿಕೊಳ್ಳಬಹುದು. ಅದಕ್ಕಾಗಿ ಎನ್‌ರೋಮ್‌ನಲ್ಲಿ ಖಾಲಿ ಬಿಟ್ಟಿದ್ದ 47ನೇ ಪಿನ್ನನ್ನು ರ್ಯಾಮಿನ ಬರೆಯುವ ಕಾಲಿಗೆ ಜೋಡಿಸಬೇಕು. ಆದೇಶಗಳಿಗೆ 128 ಕಿಲೋಬೈಟ್, ತಲಾ 16 ಕಿಲೋಬೈಟ್‌ನ ಎಂಟು ಭಾಗಗಳಾಗಿ. ಯಾವ ಭಾಗ ಬೇಕೆಂಬ ಸಂಖ್ಯೆಯನ್ನು 74ಎಚ್‌ಸಿ161 ನೆನಪಿಟ್ಟುಕೊಳ್ಳುತ್ತದೆ, ಕೊನೆಯ ಭಾಗ ಸದಾ ತನ್ನ ಜಾಗದಲ್ಲೇ ಇರುವಂತೆ 74ಎಚ್‌ಸಿ32 ನೋಡಿಕೊಳ್ಳುತ್ತದೆ. ಎರಡೂ ಸಾಮಾನ್ಯ ಅಂಗಡಿಯ ಚಿಪ್ಪುಗಳು. ಒಂದು ಸೂಕ್ಷ್ಮವಿದೆ: ಸಿಪಿಯು ಭಾಗದ ಸಂಖ್ಯೆಯನ್ನು ಬರೆಯುವ ಕ್ಷಣದಲ್ಲಿ ರೋಮ್ ಕೂಡ ಅದೇ ಗೆರೆಗಳ ಮೇಲೆ ತನ್ನ ಬೈಟನ್ನು ಹೇಳುತ್ತಿರುತ್ತದೆ, ಎರಡೂ ಬೇರೆಯಾದರೆ ಏನು ದಾಖಲಾಗುತ್ತದೋ ಹೇಳಲಾಗದು. ಆದ್ದರಿಂದ 0ಯಿಂದ 7ರವರೆಗಿನ ಸಂಖ್ಯೆಗಳ ಒಂದು ಪಟ್ಟಿಯನ್ನು ಕೊನೆಯ ಭಾಗದಲ್ಲಿಟ್ಟು, 5 ಬರೆಯುವಾಗ 5 ಇರುವ ವಿಳಾಸಕ್ಕೇ ಬರೆಯಿರಿ.

ವೇಷಗಳ ಬಗ್ಗೆಯೂ ಒಂದು ಮಾತು. ಒಂದು ಅಡ್ಡಗೆರೆಯ ಮೇಲೆ ಎಂಟು ಚಲಿಸುವ ಚೌಕಗಳಿಗಿಂತ ಹೆಚ್ಚು ಮೂಡುವುದಿಲ್ಲ, ಅಂದರೆ 64 ಚುಕ್ಕಿ ಅಗಲ. ಎದುರುಬದುರು ನಿಂತ ಇಬ್ಬರು ವೇಷಧಾರಿಗಳಿಗೆ ತಲಾ 32 ಚುಕ್ಕಿ ಕೊಟ್ಟರೆ ಅಲ್ಲಿಗೆ ಮುಗಿಯಿತು, ಬಿಟ್ಟ ಬಾಣಕ್ಕೂ ಜಾಗವಿರದು. ಕೇದಗೆ ಮುಂದಲೆಯ ಎತ್ತರಕ್ಕೆ ಅಡ್ಡಿಯಿಲ್ಲ, ಅಗಲವನ್ನು ಮಾತ್ರ 24 ಚುಕ್ಕಿಗೆ ಹಿಡಿದಿಡಿ.

ಪ್ರಶ್ನೆ: ಗಾಜಿನ ಕಿಟಕಿಯಿರುವ, ಅಳಿಸಿ ಮತ್ತೆ ಬರೆಯಬಹುದಾದ ಹಳೆಯ ಇಪ್ರೋಮ್ ಚಿಪ್ಪುಗಳು ಗುಜರಿಯಲ್ಲಿ ಸಿಕ್ಕಿವೆ. ಬಿಸಿಲಿಗಿಟ್ಟು ಅಳಿಸಬಹುದು ಎನ್ನುತ್ತಾರೆ, ನಿಜವೇ? (ಓದುಗರು, ಸಿದ್ದಾಪುರ)

ಉತ್ತರ: ನಿಜ, ಆದರೆ ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರ ಬೇಕು, ಆಷಾಢದ ಮಳೆಯಲ್ಲಿ ಆ ಮಾತೇ ಇಲ್ಲ. ಸರಿಯಾದ ಸಾಧನವೆಂದರೆ 253.7 ನ್ಯಾನೋಮೀಟರಿನ ಅತಿನೇರಳೆ ದೀಪ. ಚಿಪ್ಪಿನಿಂದ ಎರಡೂವರೆ ಸೆಂಟಿಮೀಟರ್ ಎತ್ತರದಲ್ಲಿಟ್ಟರೆ 15ರಿಂದ 20 ನಿಮಿಷಕ್ಕೆ ಅಳಿಯುತ್ತದೆ. ಆ ಬೆಳಕು ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ. ಎಲ್ಲಿಯೂ ಸಂದಿಯಿಲ್ಲದ ಪೆಟ್ಟಿಗೆಯೊಳಗೆ ಮಾತ್ರ ಉರಿಸಿರಿ, ಮುಚ್ಚಳ ತೆಗೆಯುವ ಮೊದಲು ಆರಿಸಿರಿ. ಅಳಿದ ಚಿಪ್ಪಿನಲ್ಲಿ ಪ್ರತಿ ಬಿಟ್ಟೂ 1 ಆಗಿರಬೇಕು, ಚಿಪ್ಪಿಗೆ ಬರೆಯುವ ಪ್ರೋಗ್ರಾಮರ್ ಎಂಬ ಉಪಕರಣದಲ್ಲಿ ಅದನ್ನು ಪರೀಕ್ಷಿಸಿಯೇ ಹೊಸದನ್ನು ಬರೆಯಿರಿ. ಬರೆದಾದ ಮೇಲೆ ಕಿಟಕಿಗೆ ಬೆಳಕು ಹಾಯದ ಚೀಟಿ ಅಂಟಿಸಿ, ಅದರ ಮೇಲೆ ಆಟದ ಹೆಸರನ್ನೂ ಬರೆದ ದಿನಾಂಕವನ್ನೂ ನಮೂದಿಸಿರಿ.